ಅಂಗಡಿಯ ಕಾರು, ಬೆಟ್ಟದ ಹಾದಿ: ಬಾಥರ್ಸ್ಟ್ ದೀರ್ಘ ಓಟದ ಅರವತ್ತೈದು ವರ್ಷ

1960ರ ನವೆಂಬರ್ 20ರಂದು ಆಸ್ಟ್ರೇಲಿಯದ ವಿಕ್ಟೋರಿಯ ರಾಜ್ಯದ ಫಿಲಿಪ್ ದ್ವೀಪದಲ್ಲಿ ನಲವತ್ತಕ್ಕೂ ಹೆಚ್ಚು ಕಾರುಗಳು 500 ಮೈಲಿ ಓಡಲು ಸಾಲಾಗಿ ನಿಂತವು. ರೇಸಿಗೆಂದೇ ಕಟ್ಟಿದ ಕಾರು ಅವುಗಳಲ್ಲಿ ಒಂದೂ ಇರಲಿಲ್ಲ. ಫೋಕ್ಸ್‌ವಾಗನ್ ಬೀಟಲ್, ಪ್ಯೂಜೊ 403, ಸಿಮ್ಕಾ, ವಾಕ್ಸ್‌ಹಾಲ್ ಕ್ರೆಸ್ಟಾ ಇವೆಲ್ಲ ಮೇಷ್ಟರು, ಗುಮಾಸ್ತರು, ಕುರಿ ಸಾಕುವವರು ಕಂತಿನಲ್ಲಿ ಕೊಳ್ಳುತ್ತಿದ್ದ ಸಂಸಾರದ ಕಾರುಗಳು. ಆಸ್ಟ್ರೇಲಿಯದಲ್ಲೇ ತಯಾರಾಗಿರಬೇಕು ಇಲ್ಲವೇ ಅಲ್ಲೇ ಜೋಡಣೆಯಾಗಿರಬೇಕು, ಅಂಗಡಿಯಲ್ಲಿ ಯಾರು ಹೋದರೂ ಸಿಗುವಂತಿರಬೇಕು ಎಂಬುದು ನಿಯಮ. ಆರ್ಮ್‌ಸ್ಟ್ರಾಂಗ್ 500 ಎಂದು ಕರೆಸಿಕೊಂಡ ಆ ಓಟ ಮೂರೇ ವರ್ಷಕ್ಕೆ ನ್ಯೂ ಸೌತ್ ವೇಲ್ಸ್‌ನ ಬಾಥರ್ಸ್ಟ್ ಊರಿನ ಬೆಟ್ಟಕ್ಕೆ ಬಂದು ನೆಲೆಸಿತು. ಇಂದು ಬಾಥರ್ಸ್ಟ್ 1000 ಎಂದು ಹೆಸರಾಗಿರುವ ಸ್ಪರ್ಧೆಯ ಮೂಲ ಅದು.

ಈ ಅರವತ್ತೈದು ವರ್ಷಗಳಲ್ಲಿ ಓಟದ ದೂರ, ಊರು, ಹೆಸರು, ಪ್ರಾಯೋಜಕರು, ಕಾರುಗಳು ಎಲ್ಲವೂ ಬದಲಾಗಿವೆ. ಗೆದ್ದವರ ಪಟ್ಟಿಯನ್ನಷ್ಟೇ ಓದಿದರೆ ಈ ಓಟವೆಂಬ ಸಂಸ್ಥೆಯ ಚರಿತ್ರೆ ಅರ್ಧವೂ ತಿಳಿಯುವುದಿಲ್ಲ. ಓಟವನ್ನು ಹುಟ್ಟಿಸಿದ್ದು ಕೊಳ್ಳುವವನ ಒಂದು ಪ್ರಶ್ನೆ: ನಾನು ದುಡ್ಡು ಕೊಟ್ಟು ತರುವ ಈ ಕಾರು ನಮ್ಮ ರಸ್ತೆಯಲ್ಲಿ ಬಾಳುತ್ತದೆಯೇ? ಆ ಪ್ರಶ್ನೆ ಎಲ್ಲಿಯವರೆಗೆ ಓಟದ ನಡುವೆ ಇತ್ತು, ಯಾವಾಗ ಬದಿಗೆ ಸರಿಯಿತು, ಮತ್ತೆ ಹೇಗೆ ಬೆಟ್ಟಕ್ಕೆ ಬಂತು ಎಂಬುದನ್ನು ಕಾಲಕ್ರಮದಲ್ಲಿ ಹೇಳುವುದು ಈ ಲೇಖನದ ಉದ್ದೇಶ.

ಹುಟ್ಟಿನ ಹಿನ್ನೆಲೆ (1948–1960)

1948ರ ನವೆಂಬರಿನಲ್ಲಿ ಪ್ರಧಾನಿ ಬೆನ್ ಚಿಫ್ಲಿ ಮೊದಲ ಹೋಲ್ಡನ್ ಕಾರನ್ನು ಲೋಕಾರ್ಪಣೆ ಮಾಡಿದರು. ಆಸ್ಟ್ರೇಲಿಯದ ರಸ್ತೆಗಳಿಗೆಂದು ಆಸ್ಟ್ರೇಲಿಯದಲ್ಲೇ ದೊಡ್ಡ ಪ್ರಮಾಣದಲ್ಲಿ ತಯಾರಾದ ಮೊದಲ ಕಾರು ಅದು. ಚಿಫ್ಲಿ ಬಾಥರ್ಸ್ಟ್‌ನಲ್ಲೇ ಹುಟ್ಟಿ ಬೆಳೆದವರು, ರಾಜಕೀಯಕ್ಕೆ ಬರುವ ಮೊದಲು ರೈಲ್ವೆ ಎಂಜಿನ್ ಓಡಿಸುತ್ತಿದ್ದವರು. ಅವರು ಅಂದು ತೆರೆ ಸರಿಸಿ ತೋರಿಸಿದ ಕಾರಿನ ಸಂತತಿ ಮುಂದೆ ಅವರದೇ ಊರಿನ ಬೆಟ್ಟದಲ್ಲಿ ದಶಕಗಟ್ಟಲೆ ಓಡಲಿತ್ತು.

ಯುದ್ಧ ಮುಗಿದ ಮೇಲಿನ ಆ ಹತ್ತು ಹನ್ನೆರಡು ವರ್ಷ ಆಸ್ಟ್ರೇಲಿಯದ ಮಧ್ಯಮ ವರ್ಗ ಕಾರಿನ ಮೇಲೆ ಕೂತು ಬೆಳೆಯಿತು. ಯುರೋಪಿನಿಂದ ಲಕ್ಷಾಂತರ ಜನ ವಲಸೆ ಬಂದರು, ನಗರಗಳ ಹೊರವಲಯ ಹಿಗ್ಗಿತು, ಕೆಲಸದ ಜಾಗಕ್ಕೂ ಮನೆಗೂ ನಡುವಿನ ದೂರ ಹೆಚ್ಚಿತು. ಹೊರದೇಶದ ಕಾರಿಗೆ ಸುಂಕ ಹೆಚ್ಚಿದ್ದರಿಂದ ಬ್ರಿಟನ್, ಜರ್ಮನಿ, ಫ್ರಾನ್ಸ್‌ಗಳ ಕಂಪನಿಗಳು ಬಿಡಿಭಾಗ ತಂದು ಆಸ್ಟ್ರೇಲಿಯದಲ್ಲೇ ಜೋಡಿಸತೊಡಗಿದವು. ಆದರೆ ನಗರ ದಾಟಿದರೆ ಡಾಂಬರು ಮುಗಿಯುತ್ತಿತ್ತು. ಮುಂದೆ ನೂರಾರು ಮೈಲಿ ಜಲ್ಲಿ, ಕೆಂಧೂಳು, ಗಾಲಿಯ ಏಟಿಗೆ ಅಲೆಯಲೆಯಾದ ಮಣ್ಣಿನ ಹಾದಿ. ಇಂಗ್ಲೆಂಡಿನ ಓಣಿಗಳಿಗೆ ಮಾಡಿದ ಕಾರಿನ ಸ್ಪ್ರಿಂಗು ಇಲ್ಲಿ ಮುರಿಯುತ್ತಿತ್ತು, ರೇಡಿಯೇಟರು ಕುದಿಯುತ್ತಿತ್ತು. ನಡುರಸ್ತೆಯಲ್ಲಿ ಕಾರು ಕೆಟ್ಟರೆ ಕೂಗಿದರೂ ಕೇಳುವವರಿಲ್ಲದ ಸೀಮೆ. ನಮ್ಮ ಕಡೆ ಜಾತ್ರೆಯಲ್ಲಿ ಎತ್ತು ಕೊಳ್ಳುವ ರೈತ ಅದನ್ನು ಗಾಡಿಗೆ ಹೂಡಿ ನೋಡದೆ ಹಣ ಬಿಚ್ಚುವುದಿಲ್ಲವಲ್ಲ, ಅಲ್ಲಿನ ಜನಕ್ಕೂ ಕಾರಿನ ವಿಷಯದಲ್ಲಿ ಅಂಥದೊಂದು ಪರೀಕ್ಷೆ ಬೇಕಾಗಿತ್ತು.

ಇಂಥ ಪರೀಕ್ಷೆಯ ಹಸಿವು ಎಷ್ಟಿತ್ತೆಂಬುದು 1953ರ ರೆಡೆಕ್ಸ್ ಟ್ರಯಲ್‌ನಲ್ಲೇ ಕಂಡಿತ್ತು. ಖಂಡದ ಬಹುಭಾಗವನ್ನು ಸುತ್ತುವ ಹಾದಿಯಲ್ಲಿ ಮನೆಬಳಕೆಯ ಕಾರುಗಳು ಹೊರಟಾಗ ಊರೂರಲ್ಲಿ ಜನ ರಸ್ತೆಬದಿ ನೆರೆದು ನೋಡಿದರು. ಕೆನ್ ಟಬ್‌ಮನ್ ಅವರು ಪ್ಯೂಜೊ 203ರಲ್ಲಿ ಗೆದ್ದ ಮೇಲೆ, ಹೆಚ್ಚು ಜನಕ್ಕೆ ಗೊತ್ತಿಲ್ಲದಿದ್ದ ಆ ಫ್ರೆಂಚ್ ಕಾರಿನ ಹೆಸರು ಹಳ್ಳಿಗಳಿಗೂ ತಲುಪಿತು. ಆದರೆ ಖಂಡ ಸುತ್ತುವ ಟ್ರಯಲ್ ಕಣ್ಣಿಗೆ ಬೀಳುವುದು ಕ್ಷಣಮಾತ್ರ. ಕಾರು ಧೂಳೆಬ್ಬಿಸಿ ಹೋದರೆ ಆಯಿತು. ಅದೇ ಕಷ್ಟವನ್ನು ಒಂದೇ ಕಡೆ, ಒಂದೇ ದಿನದಲ್ಲಿ, ಜನರ ಕಣ್ಣೆದುರೇ ಕೊಟ್ಟರೆ ಹೇಗೆ? ಮೆಲ್ಬರ್ನ್‌ನ ಲೈಟ್ ಕಾರ್ ಕ್ಲಬ್ ಆಫ್ ಆಸ್ಟ್ರೇಲಿಯ ಓಟದ ಹೊಣೆ ಹೊತ್ತಿತು. ಶಾಕ್ ಅಬ್ಸಾರ್ಬರ್ ತಯಾರಿಸುತ್ತಿದ್ದ ಆರ್ಮ್‌ಸ್ಟ್ರಾಂಗ್ ಕಂಪನಿ ಹಣ ಕೊಟ್ಟಿತು. ಕಾರಿನ ಕುಲುಕಾಟ ತಾಳುವ ಭಾಗವನ್ನು ಮಾರುವವರೇ ಇಂಥ ಓಟಕ್ಕೆ ಮೊದಲು ಮುಂದೆ ಬಂದದ್ದು ಸಹಜವಾಗಿಯೇ ಇತ್ತು.

ದ್ವೀಪದ ಮೂರು ವರ್ಷ (1960–1962)

ಮೊದಲ ವರ್ಷ ಕಾರುಗಳನ್ನು ಎಂಜಿನ್ ಗಾತ್ರದ ಪ್ರಕಾರ ವಿಭಾಗ ಮಾಡಿದ್ದರು; ಬಹುಮಾನವೂ ವಿಭಾಗಕ್ಕೊಂದರಂತೆ. ಎಲ್ಲ ವಿಭಾಗ ಸೇರಿಸಿ ಒಬ್ಬ ವಿಜೇತನನ್ನು ಸಾರುವ ಉದ್ದೇಶ ಸಂಘಟಕರಿಗೆ ಇರಲಿಲ್ಲ. ಚಿಕ್ಕ ಕಾರು ಕೊಳ್ಳುವವನಿಗೆ ದೊಡ್ಡ ಕಾರಿನ ಗೆಲುವಿನಿಂದ ಏನು ಪ್ರಯೋಜನ ಎಂಬ ವಿವೇಕ ಆ ನಿಯಮದ ಹಿಂದಿತ್ತು. ಆದರೂ 500 ಮೈಲಿಯನ್ನು ಮೊದಲು ಮುಗಿಸಿದವರ ಹೆಸರು ದಾಖಲೆಯಲ್ಲಿ ಉಳಿಯಿತು: ವಾಕ್ಸ್‌ಹಾಲ್ ಕ್ರೆಸ್ಟಾದಲ್ಲಿ ಜಾನ್ ರಾಕ್ಸ್‌ಬರ್ಗ್ ಮತ್ತು ಫ್ರಾಂಕ್ ಕೋಡ್. 1961ರಲ್ಲಿ ಬಾಬ್ ಜೇನ್ ಮತ್ತು ಹ್ಯಾರಿ ಫರ್ತ್ ಮರ್ಸಿಡಿಸ್ ಬೆಂಜ್ 220ಎಸ್‌ಇಯಲ್ಲಿ ಮುಂದಾದರು. 1962ರಲ್ಲಿ ಅದೇ ಜೋಡಿ ಫೋರ್ಡ್ ಫಾಲ್ಕನ್ ತಂದು ಗೆದ್ದಿತು.

ಈ ಫಾಲ್ಕನ್ ಗೆಲುವಿನ ಬಗ್ಗೆ ಒಂದೆರಡು ಮಾತು ಹೆಚ್ಚಿಗೆ ಹೇಳಬೇಕು. ಅಮೆರಿಕದ ಸಪಾಟು ರಸ್ತೆಗಳಿಗೆ ರೂಪಿಸಿದ್ದ ಫಾಲ್ಕನ್ 1960ರಲ್ಲಿ ಆಸ್ಟ್ರೇಲಿಯಕ್ಕೆ ಬಂದಾಗ ಅದರ ಮುಂಭಾಗದ ಸಸ್ಪೆನ್ಷನ್ ಮಣ್ಣಿನ ಹಾದಿಗೆ ತಾಳದೆ ಕೆಟ್ಟ ಹೆಸರು ತಂದಿತ್ತು. ಕಂಪನಿ ದೋಷಗಳನ್ನು ಒಂದೊಂದಾಗಿ ತಿದ್ದುತ್ತ ಬಂತು. 500 ಮೈಲಿಯ ಗೆಲುವು ಆ ತಿದ್ದುಪಡಿಗೆ ಸಿಕ್ಕ ಮೊದಲ ಸಾರ್ವಜನಿಕ ಪ್ರಮಾಣಪತ್ರ. ಅಷ್ಟಕ್ಕೆ ಸಾಲದೆಂದು 1965ರಲ್ಲಿ ಫೋರ್ಡ್ ತನ್ನ ಯೂ ಯಾಂಗ್ಸ್ ಪರೀಕ್ಷಾ ಹಾದಿಯಲ್ಲಿ ಐದು ಫಾಲ್ಕನ್‌ಗಳನ್ನು ಹಗಲಿರುಳು ಓಡಿಸಿ 70,000 ಮೈಲಿಯ ಸಹನಶಕ್ತಿ ಪರೀಕ್ಷೆ ನಡೆಸಿತು. ಕೊಳ್ಳುವವರ ಅನುಮಾನಕ್ಕೆ ಕಂಪನಿಗಳು ಹೀಗೆ ಬಹಿರಂಗವಾಗಿ ಉತ್ತರ ಕೊಡುವ ಪದ್ಧತಿ ಬೆಳೆದದ್ದರಲ್ಲಿ ಫಿಲಿಪ್ ದ್ವೀಪದ ಓಟಕ್ಕೆ ದೊಡ್ಡ ಪಾಲಿದೆ ಎಂದು ನಾನು ನಂಬುತ್ತೇನೆ.

ಕಾರುಗಳು ತಾಳಿದವು, ಹಾದಿ ತಾಳಲಿಲ್ಲ. 1962ರ ಓಟ ಮುಗಿಯುವ ಹೊತ್ತಿಗೆ ಡಾಂಬರು ಕಿತ್ತು ಕಲ್ಲು ಮೇಲೆದ್ದಿತ್ತು. ದುರಸ್ತಿಗೆ ಬೇಕಾದಷ್ಟು ಹಣ ಅಲ್ಲಿ ಇರಲಿಲ್ಲ. ಜೊತೆಗೆ ದ್ವೀಪಕ್ಕೂ ನೆಲಕ್ಕೂ ನಡುವಿದ್ದ ಹಳೆಯ ಸೇತುವೆಯ ಮೇಲೆ ರಸ್ತೆ ಹಾಕುವ ಭಾರೀ ಯಂತ್ರಗಳನ್ನು ದಾಟಿಸುವಂತಿರಲಿಲ್ಲ. ಓಟಕ್ಕೆ ಹೊಸ ನೆಲೆ ಹುಡುಕಲೇಬೇಕಾಯಿತು.

ಕೆಲಸವಿಲ್ಲದವರು ಕಡಿದ ದಾರಿ (1938)

ಓಟ ಬಂದು ನೆಲೆಸಿದ ಬೆಟ್ಟದ ಕಥೆ ಓಟಕ್ಕಿಂತ ಹಳೆಯದು. ಸಿಡ್ನಿಯಿಂದ ಪಶ್ಚಿಮಕ್ಕೆ, ನೀಲಿ ಬೆಟ್ಟಗಳನ್ನು ದಾಟಿ ಸುಮಾರು 200 ಕಿಲೋಮೀಟರು ಹೋದರೆ ಬಾಥರ್ಸ್ಟ್ ಸಿಗುತ್ತದೆ. 1851ರಲ್ಲಿ ಈ ಸೀಮೆಯಲ್ಲಿ ಬಂಗಾರ ಸಿಕ್ಕಿ ಜನ ಮುಗಿಬಿದ್ದಿದ್ದರು. ಆ ಭರಾಟೆ ಇಳಿದ ಮೇಲೆ ಊರು ಕೃಷಿ, ರೈಲ್ವೆಗಳ ಮೇಲೆ ಬದುಕುತ್ತಿತ್ತು. ಊರಿನ ನೆತ್ತಿಗೆ ನಿಂತ ಬೆಟ್ಟವನ್ನು ಈ ನೆಲದ ಮೂಲನಿವಾಸಿಗಳಾದ ವಿರಾಜುರಿ ಜನ ವಾಹ್ಲು ಎನ್ನುತ್ತಾರೆ. ಅವರಿಗೆ ಅದು ಪೂಜ್ಯ ಸ್ಥಳ. ಇಂದು ಬೆಟ್ಟಕ್ಕೆ ಮೌಂಟ್ ಪನೋರಮಾ ಎಂಬುದರ ಜೊತೆಗೆ ವಾಹ್ಲು ಎಂಬ ಹೆಸರೂ ಅಧಿಕೃತವಾಗಿದೆ. ಓಟದ ಚರಿತ್ರೆ ಬರೆಯುವವರು ಆ ಹೆಸರನ್ನು ಬಿಟ್ಟು ಮುಂದೆ ಹೋಗಬಾರದು.

ಮೂವತ್ತರ ದಶಕದ ಆರ್ಥಿಕ ಕುಸಿತದಲ್ಲಿ ಬಾಥರ್ಸ್ಟ್‌ನಲ್ಲೂ ಕೈಗೆ ಕೆಲಸವಿಲ್ಲದವರು ತುಂಬಿಕೊಂಡರು. ಊರಿನ ಮೇಯರ್ ಮಾರ್ಟಿನ್ ಗ್ರಿಫಿನ್ ಅವರಿಗೆ ಬೆಟ್ಟದ ಸುತ್ತ ಒಂದು ರಸ್ತೆ ಮಾಡಿಸುವ ಆಸೆ. ನಿರುದ್ಯೋಗ ಪರಿಹಾರದ ಸರ್ಕಾರಿ ಹಣ ರೇಸ್ ಟ್ರ್ಯಾಕಿಗೆ ಸಿಗುವುದಿಲ್ಲ, ಪ್ರವಾಸಿಗರಿಗೆ ಊರಿನ ನೋಟ ತೋರಿಸುವ ರಸ್ತೆಗೆ ಸಿಗುತ್ತದೆ. ಹಾಗಾಗಿ ಅದು ವಿಹಾರದ ರಸ್ತೆಯಾಗಿ ಮಂಜೂರಾಯಿತು. ಕೂಲಿಯಿಲ್ಲದೆ ಕೂತಿದ್ದ ಕೈಗಳು ಬಂಡೆ ಒಡೆದು, ಮಣ್ಣು ಹೊತ್ತು ದಾರಿ ಮಾಡಿದವು. 1938ರ ಮಾರ್ಚ್ 17ರಂದು ರಸ್ತೆಯ ಉದ್ಘಾಟನೆ ನಡೆಯಿತು. ಮರುತಿಂಗಳು, ಈಸ್ಟರ್ ರಜೆಯಲ್ಲಿ ಅದೇ ರಸ್ತೆಯ ಮೇಲೆ ಆಸ್ಟ್ರೇಲಿಯನ್ ಗ್ರ್ಯಾನ್ ಪ್ರಿ ನಡೆದು, ಇಂಗ್ಲೆಂಡಿನ ಪೀಟರ್ ವೈಟ್‌ಹೆಡ್ ಇಆರ್‌ಎ ಕಾರಿನಲ್ಲಿ ಗೆದ್ದರು. ಗ್ರಿಫಿನ್ ಅವರ ಮನಸ್ಸಿನಲ್ಲಿದ್ದದ್ದು ಏನೆಂದು ಆಗ ಎಲ್ಲರಿಗೂ ತಿಳಿಯಿತು.

ಸುಮಾರು 6.2 ಕಿಲೋಮೀಟರಿನ ಒಂದು ಸುತ್ತಿನಲ್ಲಿ ಕಾರು 174 ಮೀಟರು ಏರಿ ಅಷ್ಟೇ ಇಳಿಯಬೇಕು. ಕೆಲವು ಕಡೆ ಆರು ಅಡಿ ಮುಂದೆ ಹೋಗುವಷ್ಟರಲ್ಲಿ ಒಂದು ಅಡಿ ಏರು. ಹೆಲ್ ಕಾರ್ನರ್ ತಿರುಗಿ ಬೆಟ್ಟ ಹತ್ತಬೇಕು. ಕಟಿಂಗ್ ಎಂಬಲ್ಲಿ ಗೇರು ಇಳಿಸಿ ಎಂಜಿನ್ನನ್ನು ಗೋಳಾಡಿಸಬೇಕು. ನೆತ್ತಿಯಲ್ಲಿ ಸ್ಕೈಲೈನ್ ದಾಟಿದರೆ ಡಿಪ್ಪರ್ ತಿರುವಿನಲ್ಲಿ ನೆಲ ಕಾಲ ಕೆಳಗಿಂದ ಜಾರಿದಂತೆ ಇಳಿಜಾರು. ಕಡೆಗೆ ಫಾರೆಸ್ಟ್ಸ್ ಎಲ್ಬೋ ಬಳಸಿ ಸುಮಾರು ಎರಡು ಕಿಲೋಮೀಟರು ಉದ್ದದ ಕಾನ್‌ರಾಡ್ ನೇರಹಾದಿಗೆ ಬೀಳಬೇಕು. ಓಡುವಾಗ ಕನೆಕ್ಟಿಂಗ್ ರಾಡ್ ಮುರಿದ ಒಂದು ಕಾರಿನಿಂದ ಆ ಹಾದಿಗೆ ಹೆಸರು ಬಂತು. ಏರಿನಲ್ಲಿ ಎಂಜಿನ್ನಿಗೆ ಪರೀಕ್ಷೆ, ಇಳಿತದಲ್ಲಿ ಬ್ರೇಕಿಗೆ ಪರೀಕ್ಷೆ, ನೇರದಲ್ಲಿ ವೇಗಕ್ಕೆ ಪರೀಕ್ಷೆ. ರೇಸು ಇಲ್ಲದ ದಿನ ಇದೇ ಹಾದಿ ಎರಡೂ ದಿಕ್ಕಿಗೆ ವಾಹನ ಓಡುವ ಸಾರ್ವಜನಿಕ ರಸ್ತೆ, ವೇಗದ ಮಿತಿ ಗಂಟೆಗೆ 60 ಕಿಲೋಮೀಟರು. ಅದರ ಬದಿಯಲ್ಲಿ ಮನೆಗಳಿವೆ, ದ್ರಾಕ್ಷಿ ತೋಟವಿದೆ. ಅಂಗಡಿಯ ಕಾರನ್ನು ಒರೆಗೆ ಹಚ್ಚಲು ಸಾರ್ವಜನಿಕ ರಸ್ತೆಗಿಂತ ತಕ್ಕ ಜಾಗ ಬೇರೆ ಯಾವುದಿದೆ?

ಬೆಲೆಯ ಲೆಕ್ಕದಲ್ಲಿ ಓಟ (1963–1966)

1963ರ ಅಕ್ಟೋಬರ್ 6ರಂದು ಆಸ್ಟ್ರೇಲಿಯನ್ ರೇಸಿಂಗ್ ಡ್ರೈವರ್ಸ್ ಕ್ಲಬ್ಬಿನ ಆಡಳಿತದಲ್ಲಿ ಬೆಟ್ಟದ ಮೇಲೆ ಮೊದಲ 500 ಮೈಲಿಯ ಓಟ ನಡೆಯಿತು. ವಿಭಾಗದ ನಿಯಮ ಮೊದಲ ವರ್ಷದಂತಿರಲಿಲ್ಲ. ಎಂಜಿನ್ ಗಾತ್ರದ ಬದಲು ಅಂಗಡಿಯ ಬೆಲೆಯ ಮೇಲೆ ವಿಭಾಗ ಮಾಡಿದರು. 900 ಪೌಂಡಿನೊಳಗಿನ ಕಾರುಗಳು ಒಂದು ಗುಂಪು, ಅದಕ್ಕಿಂತ ದುಬಾರಿಯವು ಮೇಲಿನ ಗುಂಪುಗಳು. ಈ ಸಂಸ್ಥೆ ತನ್ನ ಇಡೀ ಬಾಳಿನಲ್ಲಿ ತೆಗೆದುಕೊಂಡ ಅತ್ಯಂತ ಜನಪರ ತೀರ್ಮಾನ ಇದೇ ಎಂದು ನನಗೆ ಅನಿಸುತ್ತದೆ. ಘನ ಸೆಂಟಿಮೀಟರಿನ ಲೆಕ್ಕ ಎಂಜಿನಿಯರಿಗೆ ಬೇಕು; ಸಂಬಳದ ದಿನ ಎಣಿಸುವವನಿಗೆ ಬೇಕಾದದ್ದು ಬೆಲೆ. ತನ್ನ ಕೈಗೆ ಎಟಕುವ ಬೆಲೆಯಲ್ಲಿ ಯಾವ ಕಾರು ಗಟ್ಟಿ ಎಂಬುದನ್ನು ಅವನು ಮರುದಿನದ ಪತ್ರಿಕೆಯಲ್ಲೇ ಓದಿ ತಿಳಿಯಬಹುದಾಗಿತ್ತು.

ಜನ ಬೆಟ್ಟದ ಮೇಲೆ ಗುಡಾರ ಹಾಕಿದರು. ಬರಲಾಗದವರು ಟೆಲಿವಿಷನ್ ಮುಂದೆ ಕೂತರು. ಆ ಮೊದಲ ವರ್ಷದಿಂದಲೇ ಸೆವೆನ್ ಚಾನೆಲ್ ಓಟವನ್ನು ತೋರಿಸತೊಡಗಿತ್ತು. ಒಂದು ಕಾರು 130 ಸುತ್ತು ಬೆಟ್ಟ ಹತ್ತಿಳಿಯುವುದನ್ನು ಮನೆಯಲ್ಲಿ ಕೂತು ನೋಡುವುದೆಂದರೆ ಸುಮಾರು ಏಳೆಂಟು ಗಂಟೆಯ ಕೆಲಸ. ಸಂಸಾರಗಳು ಆ ಭಾನುವಾರವನ್ನು ಅದಕ್ಕೇ ಮೀಸಲಿಟ್ಟವು.

ಹ್ಯಾರಿ ಫರ್ತ್ ಮತ್ತು ಬಾಬ್ ಜೇನ್ ಫೋರ್ಡ್ ಕಾರ್ಟಿನಾ ಜಿಟಿಯಲ್ಲಿ ಬೆಟ್ಟದ ಮೊದಲ ಓಟವನ್ನೂ ಗೆದ್ದರು. 1964ರಲ್ಲಿ ಜೇನ್ ಮತ್ತು ಜಾರ್ಜ್ ರೆನಾಲ್ಡ್ಸ್, 1965ರಲ್ಲಿ ಬ್ಯಾರಿ ಸೀಟನ್ ಮತ್ತು ಮಿಡ್ಜ್ ಬಾಸ್‌ವರ್ತ್, ಮೂರೂ ವರ್ಷ ಕಾರ್ಟಿನಾಗಳದ್ದೇ ಮೇಲುಗೈ. ಕಾರಣ ಸರಳ. ಭಾರವಾದ ಕಾರುಗಳ ಡ್ರಮ್ ಬ್ರೇಕುಗಳು ಇಳಿಜಾರಿನಲ್ಲಿ ಕಾದು ಕಚ್ಚುವುದನ್ನೇ ಬಿಡುತ್ತಿದ್ದವು. ಹಗುರವಾದ ಕಾರ್ಟಿನಾ ಜಿಟಿಗೆ ಮುಂದಿನ ಗಾಲಿಗಳಲ್ಲಿ ಡಿಸ್ಕ್ ಬ್ರೇಕು ಇತ್ತು. ಡಿಸ್ಕ್ ಬ್ರೇಕಿನ ಗುಣವನ್ನು ಜಾಹೀರಾತಿಗಿಂತ ಚೆನ್ನಾಗಿ ಬೆಟ್ಟ ಹೇಳಿಕೊಟ್ಟಿತು.

ಒಂದು ಸೂಕ್ಷ್ಮ ಬದಲಾವಣೆಯೂ ಇದೇ ಕಾಲದಲ್ಲಿ ಮೊಳೆಯಿತು. ನಿಗದಿಯಾದಷ್ಟು ಕಾರು ತಯಾರಿಸಿ ಮಾರಾಟಕ್ಕಿಟ್ಟಿದ್ದರೆ ಸಾಕು, ಅದು ಅಂಗಡಿಯ ಕಾರು. ಹಾಗಾದರೆ ಓಟಕ್ಕೆ ಬೇಕಾದ ಗುಣಗಳನ್ನೆಲ್ಲ ತುಂಬಿ ಅಷ್ಟೇ ಸಂಖ್ಯೆಯ ಕಾರು ತಯಾರಿಸಬಹುದಲ್ಲ! 1963ರಲ್ಲಿ ಹೋಲ್ಡನ್ ಇಎಚ್ ಎಸ್4, 1965ರಲ್ಲಿ ಫೋರ್ಡ್ ಕಾರ್ಟಿನಾ ಜಿಟಿ500 ಹೀಗೆ ಹುಟ್ಟಿದವು. ದೊಡ್ಡ ಪೆಟ್ರೋಲ್ ಟ್ಯಾಂಕು ಇವುಗಳ ಒಂದು ಲಕ್ಷಣ. ಜಿಟಿ500ರ ಹೆಸರಿನಲ್ಲೇ 500 ಮೈಲಿ ಸೇರಿಕೊಂಡಿತು. ಅಂಗಡಿಯ ಕಾರನ್ನು ಓಟಕ್ಕೆ ತರುವುದು ಹಿಂದಾಗಿ, ಓಟದ ಕಾರನ್ನು ಅಂಗಡಿಗೆ ತರುವ ರೂಢಿ ಶುರುವಾಯಿತು. ಸಂಘಟಕರು ನಿಯಮದ ಚೌಕಟ್ಟಿನಲ್ಲೇ ಇದನ್ನು ಒಪ್ಪಿಕೊಂಡರು.

1966ರ ಓಟ ಈ ಹಂತದ ಸುಂದರ ಮುಕ್ತಾಯ. ಗ್ಯಾಲಹರ್ 500 ಎಂಬ ಹೆಸರಿನಲ್ಲಿ ನಡೆದ ಆ ವರ್ಷ ಫಿನ್ಲೆಂಡಿನ ರಾವ್ನೊ ಆಲ್ಟೊನೆನ್ ಮತ್ತು ಸ್ಥಳೀಯ ಬಾಬ್ ಹೋಲ್ಡನ್ ಮಿನಿ ಕೂಪರ್ ಎಸ್‌ನಲ್ಲಿ ಗೆದ್ದರು. ಮೊದಲ ಒಂಬತ್ತು ಸ್ಥಾನವೂ ಮಿನಿಗಳಿಗೇ ಹೋಯಿತು. ನಾಲ್ವರು ಒತ್ತಿಕೊಂಡು ಕೂರಬೇಕಾದ ಪುಟ್ಟ ಕಾರು ಇಡೀ ಬೆಟ್ಟವನ್ನು ಆಳಿತು. ಅಷ್ಟು ಚಿಕ್ಕ ಕಾರು ಮತ್ತೆಂದೂ ಈ ಓಟ ಗೆಲ್ಲಲಿಲ್ಲ.

ಕಾರ್ಖಾನೆಗಳ ಪೈಪೋಟಿ (1967–1971)

ಮರುವರ್ಷವೇ ಎಂಟು ಸಿಲಿಂಡರಿನ ಗುಡುಗು ಕೇಳಿಸಿತು. ಫೋರ್ಡ್ ಎಕ್ಸ್‌ಆರ್ ಫಾಲ್ಕನ್ ಜಿಟಿಯಲ್ಲಿ ಹ್ಯಾರಿ ಫರ್ತ್ ಮತ್ತು ಫ್ರೆಡ್ ಗಿಬ್ಸನ್ ಗೆದ್ದರು. ಅಂದು ಮೊದಲು ಬಾವುಟ ಬಿದ್ದದ್ದು ಲಿಯೊ ಮತ್ತು ಇಯಾನ್ ಗೇಗನ್ ಸೋದರರ ಫಾಲ್ಕನ್‌ಗೆ. ಸುತ್ತುಗಳನ್ನು ಕೈಯಲ್ಲಿ ಬರೆದು ಎಣಿಸುತ್ತಿದ್ದ ಕಾಲ. ಮರುಎಣಿಕೆಯ ಬಳಿಕ ಗೆಲುವು ಫರ್ತ್ ಜೋಡಿಗೆ ಸಂದಿತು. ಎರಡೂ ಒಂದೇ ಕಂಪನಿಯ ಕಾರುಗಳಾದ್ದರಿಂದ ವಿಷಯ ದೊಡ್ಡದಾಗದೆ ಬಗೆಹರಿಯಿತು.

1968ರಲ್ಲಿ ಬ್ರೇಕ್ ಲೈನಿಂಗ್ ತಯಾರಕರ ಹೆಸರು ಹೊತ್ತು ಓಟ ಹಾರ್ಡಿ ಫೆರೊಡೊ 500 ಆಯಿತು. ಬ್ರೂಸ್ ಮೆಕ್‌ಫೀ ಹೋಲ್ಡನ್ ಮೊನಾರೊದಲ್ಲಿ ಗೆದ್ದರು. ಜೊತೆಗಾರ ಬ್ಯಾರಿ ಮಲ್‌ಹಾಲಂಡ್ ಓಡಿಸಿದ್ದು ಒಂದೇ ಸುತ್ತು. ಹೋಲ್ಡನ್‌ನ ಮಾತೃಸಂಸ್ಥೆ ಜನರಲ್ ಮೋಟಾರ್ಸ್ ನೇರವಾಗಿ ರೇಸಿಗೆ ಇಳಿಯಬಾರದೆಂಬ ನೀತಿ ಇಟ್ಟುಕೊಂಡಿತ್ತು. ಹಾಗಾಗಿ 1969ರಲ್ಲಿ ಮಾರಾಟಗಾರರ ಹೆಸರಿನಲ್ಲಿ ಹೋಲ್ಡನ್ ಡೀಲರ್ ಟೀಮ್ ಹುಟ್ಟಿತು. ಅದನ್ನು ಕಟ್ಟಿದವರು ಅಲ್ಲಿಯವರೆಗೆ ಫೋರ್ಡ್ ಪಾಳೆಯವನ್ನು ನಡೆಸಿದ್ದ ಅದೇ ಹ್ಯಾರಿ ಫರ್ತ್. ಆ ವರ್ಷ ಮೊದಲ ಸುತ್ತಿನಲ್ಲೇ ಬೆಟ್ಟದ ನೆತ್ತಿಯಲ್ಲಿ ಬಿಲ್ ಬ್ರೌನ್ ಅವರ ಫಾಲ್ಕನ್ ಮಗುಚಿ, ಹಿಂದೆ ಬಂದ ಕಾರುಗಳು ಒಂದರ ಮೇಲೊಂದು ಬಂದು ನಿಂತವು. ಕಾಲಿನ್ ಬಾಂಡ್ ಮತ್ತು ಟೋನಿ ರಾಬರ್ಟ್ಸ್ ಮೊನಾರೊದಲ್ಲಿ ಗೆದ್ದರು. ಮೂರನೆಯ ಸ್ಥಾನಕ್ಕೆ ಬಂದ ಹೋಲ್ಡನ್‌ನಲ್ಲಿ ಡೆಸ್ ವೆಸ್ಟ್ ಜೊತೆಗೆ ಪೀಟರ್ ಬ್ರಾಕ್ ಎಂಬ ಹೊಸ ಹುಡುಗನಿದ್ದ.

ಅಲ್ಲಿಂದ ಆಸ್ಟ್ರೇಲಿಯದ ಮನೆಗಳು ಎರಡಾದವು: ಫೋರ್ಡ್ ಮನೆ, ಹೋಲ್ಡನ್ ಮನೆ. ಅಪ್ಪ ಕೊಂಡ ಕಾರನ್ನೇ ಮಗ ಹೊಗಳುತ್ತಿದ್ದ. 1970 ಮತ್ತು 1971ರಲ್ಲಿ ಕೆನಡಾದಲ್ಲಿ ಹುಟ್ಟಿದ ಅಲನ್ ಮೊಫಟ್ ಜೊತೆಗಾರನೇ ಇಲ್ಲದೆ ಒಬ್ಬರೇ 500 ಮೈಲಿ ಓಡಿಸಿ ಫಾಲ್ಕನ್ ಜಿಟಿಎಚ್‌ಒದಲ್ಲಿ ಗೆದ್ದರು. 1971ರಲ್ಲಿ ಗಾಳಿಗೆ ಹಾರಿ ಬಂದ ಬಿಯರ್ ರಟ್ಟಿನ ಪೆಟ್ಟಿಗೆಯೊಂದು ಅವರ ಕಾರಿನ ಮೂತಿಗೆ ಅಂಟಿಕೊಂಡಿತು. ಎಂಜಿನ್ ಕಾಯುವ ಅಪಾಯ ಎದುರಿಗಿದ್ದರೂ ಮುನ್ನಡೆ ಬಿಡಲಿಲ್ಲ. ಆ ಮೂರನೆಯ ಹಂತದ ಜಿಟಿಎಚ್‌ಒ 5.8 ಲೀಟರಿನ ಎಂಟು ಸಿಲಿಂಡರ್ ಎಂಜಿನ್ನಿನ, ನಾಲ್ಕು ಬಾಗಿಲಿನ ಕಾರು. ತಯಾರಾದದ್ದು ಸುಮಾರು 300. ನಂಬರ್ ಪ್ಲೇಟ್ ಹಾಕಿಸಿಕೊಂಡು ಮಕ್ಕಳನ್ನು ಶಾಲೆಗೆ ಬಿಡಲು ಕಾನೂನಿನ ಅಡ್ಡಿ ಇರಲಿಲ್ಲ. ಆಗ ಜಗತ್ತಿನಲ್ಲಿ ಮಾರಾಟಕ್ಕಿದ್ದ ನಾಲ್ಕು ಬಾಗಿಲಿನ ಅತಿವೇಗದ ಕಾರುಗಳ ಸಾಲಿನಲ್ಲಿ ಅದೂ ಒಂದಾಗಿತ್ತು.

1972

ಈ ಒಂದು ವರ್ಷಕ್ಕೆ ಪ್ರತ್ಯೇಕ ವಿಭಾಗ ಬೇಕು.

1970ರಲ್ಲಿ ಆಸ್ಟ್ರೇಲಿಯದ ರಸ್ತೆಗಳಲ್ಲಿ 3,798 ಜನ ಸತ್ತಿದ್ದರು. ದೇಶದ ಜನಸಂಖ್ಯೆ ಆಗ ಒಂದೂಕಾಲು ಕೋಟಿಯ ಆಸುಪಾಸು. ಅದೇ ಹೊತ್ತಿಗೆ ಫೋರ್ಡ್, ಹೋಲ್ಡನ್, ಕ್ರೈಸ್ಲರ್ ಮೂರೂ ಕಂಪನಿಗಳು ಬೆಟ್ಟಕ್ಕೆಂದು ಇನ್ನೂ ವೇಗದ ಕಾರು ತಯಾರಿಸಲು ಹೊರಟಿದ್ದವು. 1972ರ ಜೂನ್ 25ರಂದು ಸಿಡ್ನಿಯ ಸನ್ ಹೆರಾಲ್ಡ್ ಪತ್ರಿಕೆಯಲ್ಲಿ ಇವಾನ್ ಗ್ರೀನ್ ಅವರ ವರದಿ ಬಂತು: ಗಂಟೆಗೆ 160 ಮೈಲಿ ಓಡುವ ಕಾರುಗಳು ಸದ್ಯದಲ್ಲೇ ರಸ್ತೆಗೆ ಬರಲಿವೆ ಎಂಬುದು ಅದರ ಸಾರ. ನ್ಯೂ ಸೌತ್ ವೇಲ್ಸ್‌ನ ಸಾರಿಗೆ ಸಚಿವ ಮಿಲ್ಟನ್ ಮೋರಿಸ್ ಕಟುವಾಗಿ ಮಾತಾಡಿದರು. ಕೆಲವೇ ದಿನಗಳಲ್ಲಿ ಮೂರೂ ಕಂಪನಿಗಳು ಯೋಜನೆ ಕೈಬಿಟ್ಟವು. ಫಾಲ್ಕನ್ ಜಿಟಿಎಚ್‌ಒದ ನಾಲ್ಕನೆಯ ಹಂತ ಮಾರುಕಟ್ಟೆಗೆ ಬರಲೇ ಇಲ್ಲ. ಹೋಲ್ಡನ್ ಕಂಪನಿಯ ಎಂಟು ಸಿಲಿಂಡರಿನ ಟೊರಾನಾವೂ ಆಗ ಬರಲಿಲ್ಲ.

ಓಟದ ಅಭಿಮಾನಿಗಳಲ್ಲಿ ಆ ವರದಿಯ ಮೇಲಿನ ಅಸಮಾಧಾನ ಇಂದಿಗೂ ಪೂರ್ತಿ ಆರಿಲ್ಲ. ನನ್ನ ಮಟ್ಟಿಗೆ, ಸಚಿವರ ಆತಂಕದಲ್ಲಿ ನ್ಯಾಯವಿತ್ತು. ಸಂಸಾರದ ಕಾರಿನ ಬಾಳಿಕೆ ಪರೀಕ್ಷಿಸಲು ಹುಟ್ಟಿದ ಓಟ, ಸಂಸಾರಕ್ಕೆ ಒಗ್ಗದ ವೇಗದ ಕಾರನ್ನು ಅಂಗಡಿಯಲ್ಲಿ ಮಾರಿಸುವ ಹಂತಕ್ಕೆ ಬಂದಿತ್ತು. ಕೊಳ್ಳುವವನಿಗೆ ನೆರವಾಗಲೆಂದು ಮಾಡಿದ ನಿಯಮ ಅವನಿಗೇ ಅಪಾಯ ತರುವಂತಾದಾಗ ಯಾರಾದರೂ ತಡೆಯಲೇಬೇಕಿತ್ತು.

ಅಕ್ಟೋಬರ್ 1ರಂದು ಮಳೆಯಲ್ಲಿ ಓಟ ನಡೆಯಿತು. ಒದ್ದೆ ಬೆಟ್ಟದಲ್ಲಿ ಭಾರದ ಫಾಲ್ಕನ್‌ಗಳ ಬಲ ಉಪಯೋಗಕ್ಕೆ ಬರಲಿಲ್ಲ. 3.3 ಲೀಟರಿನ, ಆರು ಸಿಲಿಂಡರಿನ ಹಗುರ ಟೊರಾನಾ ಎಕ್ಸ್‌ಯು1ರಲ್ಲಿ ಪೀಟರ್ ಬ್ರಾಕ್ ಒಬ್ಬರೇ ಓಡಿಸಿ ಗೆದ್ದರು. 500 ಮೈಲಿಯ ಕೊನೆಯ ಓಟ, ಒಬ್ಬನೇ ಚಾಲಕ ಗೆದ್ದ ಕೊನೆಯ ಓಟ, ಅಂಗಡಿಯ ಕಾರಿನ ಕಟ್ಟುನಿಟ್ಟಿನ ನಿಯಮದಲ್ಲಿ ನಡೆದ ಕೊನೆಯ ಓಟ ಮೂರೂ ಅದೇ.

ಸಾವಿರ ಕಿಲೋಮೀಟರು (1973–1984)

1973ರಿಂದ ದೂರ 1000 ಕಿಲೋಮೀಟರಾಯಿತು, ಕಾರಿಗೆ ಇಬ್ಬರು ಚಾಲಕರು ಕಡ್ಡಾಯವಾದರು. ಗ್ರೂಪ್ ಸಿ ಎಂಬ ಹೊಸ ನಿಯಮದಡಿ, ಅಂಗಡಿಯ ಕಾರನ್ನೇ ತೆಗೆದುಕೊಂಡು ಎಂಜಿನ್ನು, ಬ್ರೇಕು, ಸಸ್ಪೆನ್ಷನ್‌ಗಳನ್ನು ಓಟಕ್ಕೆ ಹೊಂದಿಸಿಕೊಳ್ಳಲು ಅವಕಾಶ ಸಿಕ್ಕಿತು. ಇದರಿಂದ ಅಂಗಡಿಯಲ್ಲಿ ಅತಿವೇಗದ ಕಾರು ಮಾರುವ ಒತ್ತಡ ತಗ್ಗಿತು. ಆದರೆ ಕೊಳ್ಳುವವನಿಗೂ ಓಟಕ್ಕೂ ಇದ್ದ ನೇರ ನಂಟು ಸಡಿಲವಾಯಿತು. ಬೆಟ್ಟದಲ್ಲಿ ಗೆದ್ದ ಕಾರು ಅಂಗಡಿಯಲ್ಲಿದ್ದ ಕಾರಿನಂತೆ ಕಾಣುತ್ತಿತ್ತು, ಒಳಗೆ ಬೇರೆಯಾಗಿತ್ತು.

ಜನಪ್ರಿಯತೆ ಮಾತ್ರ ಏರುತ್ತಲೇ ಹೋಯಿತು. 1977ರಲ್ಲಿ ಅಲನ್ ಮೊಫಟ್ ಅವರ ತಂಡದ ಎರಡು ಫಾಲ್ಕನ್‌ಗಳು ಜೋಡಿಯಾಗಿ ಗೆರೆ ದಾಟಿದ ಚಿತ್ರ ಆ ದೇಶದ ಕ್ರೀಡಾ ನೆನಪಿನಲ್ಲಿ ಅಚ್ಚೊತ್ತಿದೆ; ಮೊಫಟ್ ಜೊತೆಗಾರ ಬೆಲ್ಜಿಯಂನ ಜಾಕಿ ಇಕ್ಸ್. 1979ರಲ್ಲಿ ಪೀಟರ್ ಬ್ರಾಕ್ ಮತ್ತು ಜಿಮ್ ರಿಚರ್ಡ್ಸ್ ಟೊರಾನಾದಲ್ಲಿ ಆರು ಸುತ್ತುಗಳ ಅಂತರದಿಂದ ಗೆದ್ದರು. ಗೆಲುವು ಖಚಿತವಾಗಿದ್ದರೂ ಬ್ರಾಕ್ ಕಟ್ಟಕಡೆಯ ಸುತ್ತಿನಲ್ಲಿ ಸುತ್ತಿನ ದಾಖಲೆ ಮುರಿದರು. ಅದೇ ವರ್ಷ ಸೆವೆನ್ ಚಾನೆಲ್ ಪೀಟರ್ ವಿಲಿಯಮ್ಸನ್ ಅವರ ಟೊಯೊಟಾ ಸೆಲಿಕಾದೊಳಗೆ ಕ್ಯಾಮೆರಾ ಇಟ್ಟಿತು. ಓಡುವ ಕಾರಿನ ಒಳಗಿಂದ ನೇರಪ್ರಸಾರ ಮಾಡುವ ಈ ವಿದ್ಯೆ ಇಲ್ಲಿಂದ ಬೇರೆ ದೇಶಗಳ ರೇಸುಗಳಿಗೆ ಹೋಯಿತು.

1980ರ ಘಟನೆ ಸಂಸ್ಥೆಗೂ ಜನಕ್ಕೂ ಇದ್ದ ನಂಟಿಗೆ ಸಾಕ್ಷಿ. ಕ್ವೀನ್ಸ್‌ಲ್ಯಾಂಡಿನ ಡಿಕ್ ಜಾನ್ಸನ್ ಇದ್ದಬದ್ದ ಹಣವನ್ನೆಲ್ಲ ಸುರಿದು ಫಾಲ್ಕನ್ ಕಟ್ಟಿ ತಂದಿದ್ದರು. ಮುನ್ನಡೆಯಲ್ಲಿದ್ದಾಗ ಹಾದಿಗೆ ಉರುಳಿ ಬಂದಿದ್ದ ಬಂಡೆಗೆ ಕಾರು ಬಡಿದು ನುಜ್ಜುಗುಜ್ಜಾಯಿತು. ಕಣ್ಣೀರು ತಡೆಯುತ್ತ ಅವರು ಟಿವಿಯಲ್ಲಿ ಮಾತಾಡಿದ್ದನ್ನು ಕಂಡ ಜನ ತಾವಾಗಿಯೇ ಹಣ ಕಳಿಸತೊಡಗಿದರು. ಸುಮಾರು 72,000 ಡಾಲರ್ ಕೂಡಿತು. ಫೋರ್ಡ್ ಕಂಪನಿ ಅಷ್ಟೇ ಹಣ ಸೇರಿಸಿತು. ಮರುವರ್ಷ ಜಾನ್ಸನ್ ಮತ್ತು ಜಾನ್ ಫ್ರೆಂಚ್ ಅದೇ ಬೆಟ್ಟದಲ್ಲಿ ಗೆದ್ದರು. ಕಾರು ಕೊಳ್ಳುವವರಾಗಿ ಓಟ ನೋಡಲು ಬಂದಿದ್ದ ಜನ ಇಪ್ಪತ್ತು ವರ್ಷದಲ್ಲಿ ಓಟವನ್ನೇ ತಮ್ಮದಾಗಿಸಿಕೊಂಡಿದ್ದರು.

ಹೊರಗಿನ ಗಾಳಿ, ಎರಡು ಓಟ, ಮತ್ತೆ ಒಂದು (1985–1999)

1985ರಲ್ಲಿ ಗ್ರೂಪ್ ಎ ಎಂಬ ಅಂತಾರಾಷ್ಟ್ರೀಯ ನಿಯಮ ಬಂದು ಬೆಟ್ಟದ ಬಾಗಿಲು ಜಗತ್ತಿಗೆ ತೆರೆಯಿತು. ಆ ವರ್ಷ ಜಾನ್ ಗಾಸ್ ಮತ್ತು ಜರ್ಮನಿಯ ಆರ್ಮಿನ್ ಹಾನೆ ಜಾಗ್ವಾರ್‌ನಲ್ಲಿ ಗೆದ್ದರು. 1986ರಲ್ಲಿ ಕಾನ್‌ರಾಡ್ ನೇರಹಾದಿಯಲ್ಲಿ ಮೈಕ್ ಬರ್ಗ್‌ಮನ್ ಪ್ರಾಣ ಕಳೆದುಕೊಂಡರು. ಈ ಓಟದಲ್ಲಿ ಸಂಭವಿಸಿದ ಮೊದಲ ಸಾವು ಅದು. ಸಂಸ್ಥೆ ತಡಮಾಡಲಿಲ್ಲ. 1987ರ ಹೊತ್ತಿಗೆ ಆ ನೇರಹಾದಿಯ ಕೊನೆಯಲ್ಲಿ ಚೇಸ್ ಎಂಬ ತಿರುವು ಸೇರಿಸಿ ವೇಗವನ್ನು ಒಡೆಯಲಾಯಿತು. ಸುತ್ತಿನ ಉದ್ದ 6.213 ಕಿಲೋಮೀಟರಿಗೆ, ಸುತ್ತುಗಳ ಸಂಖ್ಯೆ 161ಕ್ಕೆ ಬಂದು ನಿಂತದ್ದು ಆಗ. ಆ ವರ್ಷ ಮೊದಲಿಬ್ಬರಾಗಿ ಬಂದ ಫೋರ್ಡ್ ಸಿಯೆರಾಗಳ ಗಾಲಿಯ ಕಮಾನಿನ ಅಳತೆ ನಿಯಮಕ್ಕೆ ಹೊಂದದೆ, ಕೆಲವು ತಿಂಗಳ ವಿಚಾರಣೆಯ ನಂತರ ಗೆಲುವು ಬ್ರಾಕ್, ಡೇವಿಡ್ ಪಾರ್ಸನ್ಸ್, ಪೀಟರ್ ಮೆಕ್‌ಲಿಯೋಡ್ ಅವರಿಗೆ ಸಂದಿತು. ಬ್ರಾಕ್ ಅವರ ಒಂಬತ್ತನೆಯ ಗೆಲುವದು. ಆ ದಾಖಲೆ ಇಂದಿಗೂ ಅವರದೇ.

1991 ಮತ್ತು 1992ರಲ್ಲಿ ಜಿಮ್ ರಿಚರ್ಡ್ಸ್ ಮತ್ತು ಮಾರ್ಕ್ ಸ್ಕೈಫ್ ನಿಸಾನ್ ಜಿಟಿಆರ್‌ನಲ್ಲಿ ಗೆದ್ದರು. 1992ರ ಮಳೆಯ ಓಟದಲ್ಲಿ, 1967ರ ವಿಶ್ವ ಚಾಂಪಿಯನ್ ಡೆನ್ನಿ ಹಲ್ಮ್ ಹೃದಯಾಘಾತಕ್ಕೆ ಒಳಗಾಗಿಯೂ ಕಾರನ್ನು ಹಾದಿಯ ಅಂಚಿಗೆ ತಂದು ನಿಲ್ಲಿಸಿ ಅಸುನೀಗಿದರು. 1993ರಿಂದ ಐದು ಲೀಟರಿನ ಎಂಟು ಸಿಲಿಂಡರ್ ಫಾಲ್ಕನ್ ಮತ್ತು ಹೋಲ್ಡನ್ ಕೊಮೊಡೋರ್‌ಗಳ ಕಾಲ. ಪ್ರಸಾರ ಮತ್ತು ಕಾರುಗಳ ಮಾದರಿಯ ಬಗ್ಗೆ ಅಭಿಪ್ರಾಯಗಳು ಬೇರೆಯಾಗಿ, 1997 ಮತ್ತು 1998ರಲ್ಲಿ ಬೆಟ್ಟದ ಮೇಲೆ ವರ್ಷಕ್ಕೆ ಎರಡು 1000 ಕಿಲೋಮೀಟರಿನ ಓಟ ನಡೆದವು: ಒಂದು ಎರಡು ಲೀಟರಿನ ಕಾರುಗಳದ್ದು, ಇನ್ನೊಂದು ಎಂಟು ಸಿಲಿಂಡರಿನವುಗಳದ್ದು. ಎರಡಕ್ಕೂ ತಮ್ಮದೇ ಅಭಿಮಾನಿಗಳಿದ್ದರು. 1999ಕ್ಕೆ ಓಟ ಮತ್ತೆ ಒಂದಾಯಿತು.

ಕಟ್ಟಡಗಳು

ಬಹುಕಾಲ ಇಲ್ಲಿ ಹೇಳಿಕೊಳ್ಳುವಂಥ ಕಟ್ಟಡಗಳಿರಲಿಲ್ಲ, ಬೆಟ್ಟವೇ ಸ್ಮಾರಕ. 1988ರಲ್ಲಿ ಹಾದಿಯ ಪಕ್ಕದಲ್ಲೇ ಮೋಟಾರ್ ರೇಸಿಂಗ್ ವಸ್ತುಸಂಗ್ರಹಾಲಯ ತೆರೆಯಿತು. 2004ರಲ್ಲಿ ಹಳೆಯ ಪಿಟ್ ಸಾಲಿನ ಜಾಗದಲ್ಲಿ ಹೊಸ ಪಿಟ್ ಸಂಕೀರ್ಣ ಎದ್ದಿತು. 2006ರ ಸೆಪ್ಟೆಂಬರಿನಲ್ಲಿ ಪಶ್ಚಿಮ ಆಸ್ಟ್ರೇಲಿಯದ ರ‍್ಯಾಲಿಯೊಂದರಲ್ಲಿ ಪೀಟರ್ ಬ್ರಾಕ್ ತೀರಿಕೊಂಡರು. ಆ ವರ್ಷದಿಂದ ವಿಜೇತರಿಗೆ ಅವರ ಹೆಸರಿನ ಟ್ರೋಫಿ ಕೊಡಲಾಗುತ್ತಿದೆ. ಇಷ್ಟೆಲ್ಲ ಬೆಳೆದರೂ ಟ್ರ್ಯಾಕಿಗೆ ಬೇಲಿ ಹಾಕಿ ಊರಿನಿಂದ ಬೇರೆ ಮಾಡಲಿಲ್ಲ. ನಿರುದ್ಯೋಗಿಗಳು ಕಡಿದ ರಸ್ತೆ ಇಂದಿಗೂ ಊರಿನ ಆಸ್ತಿ.

ಮರಳಿ ಅಂಗಡಿಯ ಕಾರು (1991ರಿಂದ ಇಂದಿನವರೆಗೆ)

ಸಾವಿರ ಕಿಲೋಮೀಟರಿನ ಓಟ ತನ್ನ ದಾರಿಯಲ್ಲಿ ಸಾಗಿದಾಗಲೂ ಹಳೆಯ ಪ್ರಶ್ನೆ ಹಾಗೆಯೇ ಉಳಿದಿತ್ತು. 1991ರಲ್ಲಿ ಅದೇ ಬೆಟ್ಟದಲ್ಲಿ ಅಂಗಡಿಯ ಕಾರುಗಳಿಗೆಂದೇ 12 ಗಂಟೆಯ ಓಟ ಆರಂಭವಾಯಿತು. ಮೊದಲ ವರ್ಷ ಟೊಯೊಟಾ ಸುಪ್ರಾ ಗೆದ್ದರೆ, ನಂತರ ಮೂರು ವರ್ಷ ಮಜ್ದಾ ಆರ್‌ಎಕ್ಸ್7. 1995ರಲ್ಲಿ ಸಿಡ್ನಿಯ ಈಸ್ಟರ್ನ್ ಕ್ರೀಕ್‌ಗೆ ಹೋಗಿ ನಿಂತುಹೋದ ಆ ಓಟ 2007ರಲ್ಲಿ ಬೆಟ್ಟಕ್ಕೆ ಮರಳಿತು. 2011ರಲ್ಲಿ ರೇಸಿಗೆಂದೇ ತಯಾರಾದ ಜಿಟಿ3 ಕಾರುಗಳಿಗೆ ಅಲ್ಲಿ ಪ್ರವೇಶ ಸಿಕ್ಕಿ, ಹೊರದೇಶಗಳ ಹೆಸರಾಂತ ತಂಡಗಳು ಬಂದವು. ಅಂಗಡಿಯ ಕಾರುಗಳು ಹಿಂದಿನ ಸಾಲಿಗೆ ಹೋದವು. 1965ರ ಸುಮಾರಿಗೆ 500 ಮೈಲಿಯ ಓಟದಲ್ಲಿ ಆದದ್ದು ಇಲ್ಲೂ ಬೇರೆ ರೂಪದಲ್ಲಿ ಆಯಿತು. ವೇಗದ ಆಕರ್ಷಣೆ ಬಾಳಿಕೆಯ ಪರೀಕ್ಷೆಯನ್ನು ಪಕ್ಕಕ್ಕೆ ಸರಿಸುವುದು ಇಂಥ ಓಟಗಳಿಗೆ ಅಂಟಿಕೊಂಡೇ ಬರುವ ಒತ್ತಡ ಎಂದು ಕಾಣುತ್ತದೆ. ಅದನ್ನು ನಿಯಮದಿಂದ ಹಿಡಿದಿಡಬೇಕೇ ಹೊರತು ತಾನಾಗಿ ನಿಲ್ಲುವುದಿಲ್ಲ.

ಅಷ್ಟರಲ್ಲಿ ಅಂಗಡಿಯೇ ಬದಲಾಗಿತ್ತು. ಫೋರ್ಡ್ 2016ರ ಅಕ್ಟೋಬರಿನಲ್ಲಿ, ಹೋಲ್ಡನ್ 2017ರ ಅಕ್ಟೋಬರಿನಲ್ಲಿ ಆಸ್ಟ್ರೇಲಿಯದ ಕಾರು ತಯಾರಿಕೆ ನಿಲ್ಲಿಸಿದವು. ಟೊಯೊಟಾ ಕಾರ್ಖಾನೆಯೂ ಮುಚ್ಚಿತು. 2020ರಲ್ಲಿ ಹೋಲ್ಡನ್ ಎಂಬ ಹೆಸರನ್ನೇ ಕೈಬಿಡುವ ನಿರ್ಧಾರ ಹೊರಬಿತ್ತು. 2023ರಲ್ಲಿ 1000 ಕಿಲೋಮೀಟರಿನ ಓಟಕ್ಕೆ ಬಂದದ್ದು ಮಸ್ಟ್ಯಾಂಗ್ ಮತ್ತು ಕಮಾರೊ ರೂಪದ, ರೇಸಿಗೆಂದೇ ಕಟ್ಟಿದ ಕಾರುಗಳು. ಆಸ್ಟ್ರೇಲಿಯದಲ್ಲಿ ತಯಾರಾಗಿರಬೇಕು, ಅಂಗಡಿಯಲ್ಲಿ ಸಿಗಬೇಕು ಎಂಬ 1960ರ ಎರಡು ಷರತ್ತುಗಳಲ್ಲಿ ಮೊದಲನೆಯದನ್ನು ಇಂದು ಮನಸ್ಸಿದ್ದರೂ ಯಾರೂ ಪಾಲಿಸಲಾರರು.

ಎರಡನೆಯದನ್ನು ಪಾಲಿಸಬಹುದು, ಪಾಲಿಸುತ್ತಲೂ ಇದ್ದಾರೆ. 2016ರ ಈಸ್ಟರ್‌ನಲ್ಲಿ ಬಾಥರ್ಸ್ಟ್ 6 ಅವರ್ ಎಂಬ ಓಟ ಆರಂಭವಾಯಿತು. ಅದು ಅಂಗಡಿಯ ಕಾರುಗಳಿಗೆ ಮಾತ್ರ. ಮೊದಲ ಓಟವನ್ನು ನೇಥನ್ ಮೋರ್ಕಮ್ ಮತ್ತು ಚಾಜ್ ಮಾಸ್ಟರ್ಟ್ ಬಿಎಂಡಬ್ಲ್ಯು 335ಐಯಲ್ಲಿ ಗೆದ್ದರು. ಬಲದ ಕಾರುಗಳಿಗೆ ಒಂದು ವಿಭಾಗ, ಪುಟ್ಟ ಕಾರುಗಳಿಗೆ ಇನ್ನೊಂದು, ವಿಭಾಗಕ್ಕೊಂದು ಬಹುಮಾನ. ಕಸುಬಿನ ಚಾಲಕರ ಜೊತೆಗೆ, ವಾರವಿಡೀ ಬೇರೆ ಕೆಲಸ ಮಾಡಿ ಬಿಡುವಿನಲ್ಲಿ ಕಾರು ಸಜ್ಜುಗೊಳಿಸಿದ ಹವ್ಯಾಸಿಗಳೂ ಅಲ್ಲಿ ಓಡಿಸುತ್ತಾರೆ. ಈಗಿನ ಕಾರುಗಳ ಸಸ್ಪೆನ್ಷನ್ ಸುಲಭಕ್ಕೆ ಮುರಿಯುವುದಿಲ್ಲ, ರೇಡಿಯೇಟರು ಕುದಿಯುವುದೂ ಅಪರೂಪ. ಆದರೆ ಕಟಿಂಗ್‌ನ ಏರು 1938ರಲ್ಲಿದ್ದಷ್ಟೇ ಕಡಿದು, ಡಿಪ್ಪರ್‌ನ ಇಳಿತದಲ್ಲಿ ಬ್ರೇಕು ಈಗಲೂ ಕಾಯುತ್ತದೆ, ಆರು ಗಂಟೆ ಮುಗಿಸಲಾಗದೆ ಪಿಟ್‌ನಲ್ಲೇ ಉಳಿಯುವ ಕಾರುಗಳು ಪ್ರತಿ ಈಸ್ಟರ್‌ನಲ್ಲೂ ಇರುತ್ತವೆ.